ಟಪಾಲಪ್ಪ ಫಾರ್ವರ್ಡ್ ಮಾಡಿದ ಮೇಲ್

ಟಪಾಲಪ್ಪನನ್ನು ಹಾಳುಮಾಡಿದ್ದು 'ದಯವಿಟ್ಟು ನೋಡಿ' ಎಂಬ ಎರಡೇ ಪದ. ಅದರ ಬದಲು ಒಂದು ಬೈಗುಳ ಬರೆದಿದ್ದರೂ ಅವನು ಬಚಾವಾಗುತ್ತಿದ್ದ. ಮರ್ಯಾದಸ್ಥನ ಹಾಗೆ ಬರೆದು ಕೆಟ್ಟ.

ಹವಾಮಾನ ಕಚೇರಿಯಲ್ಲಿ ಅವನು ಟಪಾಲು ಗುಮಾಸ್ತ. ಬರುವ ಕಾಗದಕ್ಕೆ ಒಂದು ನಂಬರು, ಹೋಗುವ ಕಾಗದಕ್ಕೆ ಇನ್ನೊಂದು ನಂಬರು ಹಾಕುವುದು ಕೆಲಸ. ಹತ್ತೊಂಬತ್ತು ವರ್ಷ ಇದನ್ನೇ ಮಾಡಿದ ಮೇಲೆ ಅವನ ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಟಪಾಲಪ್ಪ. ಅವನ ಮೇಜು ಹಜಾರದ ನಟ್ಟನಡುವೆ. ಈ ಮೂಲೆಯವರು ಆ ಮೂಲೆಯವರಿಗೆ ಏನು ಹೇಳಬೇಕೆಂದರೂ ಅವನ ತಲೆಯ ಮೇಲಿಂದಲೇ ಹೇಳಬೇಕು. ಒಬ್ಬರ ಅತ್ತೆಯ ಮಂಡಿನೋವು, ಇನ್ನೊಬ್ಬರ ಮಗನ ಗಣಿತದ ಮಾರ್ಕ್ಸು, ಮತ್ತೊಬ್ಬರ ಪಕ್ಕದ ಮನೆ ನಾಯಿ, ಎಲ್ಲವೂ ಅವನ ಬೋಳುತಲೆಯ ಮೇಲೆ ಹಾದು ಹೋಗುತ್ತಿದ್ದವು. ಹಾದುಹೋಗುವಾಗ ಪ್ರತಿಯೊಂದೂ ಒಂದು ಗಳಿಗೆ ನಿಂತು, 'ನೀವೇನಂತೀರಿ?' ಎಂದು ಅವನನ್ನು ಕೇಳುತ್ತಿತ್ತು. ಸಂಜೆ ಮನೆಗೆ ಹೋದರೆ ಕಿವಿಯೊಳಗಿನ ಗುಂಯ್‌ಗುಡುವಿಕೆ ನಿಲ್ಲುವ ತನಕ ಅರ್ಧ ಗಂಟೆ ಗೋಡೆ ನೋಡುತ್ತಾ ಕೂರುತ್ತಿದ್ದ. ಮದುವೆಯಾದ ಹೊಸದರಲ್ಲಿ ಹೆಂಡತಿ ಅದನ್ನು ಕಂಡು ಹೆದರಿದ್ದಳು. ಈಗ ಅವನು ನೋಡುವ ಗೋಡೆಯ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದಳು.

ಅವನಿಗೆ ಬದುಕಿನಲ್ಲಿ ಬೇಕಾಗಿದ್ದದ್ದು ಒಂದೇ, ಗುಡ್ಡದ ತುದಿಯ ಮಳೆಮಾಪನ ಕೇಂದ್ರ. ಅಲ್ಲಿ ಒಂದು ಕೋಣೆ, ಒಂದು ಮೇಜು, ಒಂದು ಕುರ್ಚಿ, ಅಂಗಳದಲ್ಲಿ ಮಳೆ ಅಳೆಯುವ ಒಂದು ಡಬ್ಬಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಡಬ್ಬಿಯ ನೀರು ಅಳೆದು ಬರೆದರೆ ದಿನ ಮುಗಿಯಿತು. ಮಾತಾಡಲು ಗಾಳಿ ಬಿಟ್ಟರೆ ಯಾರೂ ಇಲ್ಲ, ಆ ಗಾಳಿಯೂ 'ನೀವೇನಂತೀರಿ' ಎಂದು ಕೇಳುವುದಿಲ್ಲ. ಉಳಿದವರಿಗೆಲ್ಲ ಆ ಗುಡ್ಡವೆಂದರೆ ಶಿಕ್ಷೆ. ಇವನು ಮಾತ್ರ ಒಂಬತ್ತು ವರ್ಷದಲ್ಲಿ ಆರು ಸಲ, ಯಾರಿಗೂ ಹೇಳದೆ, ಮುಖ್ಯ ಕಚೇರಿಗೆ ಕೋರಿಕೆ ಬರೆದಿದ್ದ. ಗೊತ್ತಿದ್ದದ್ದು ಹೆಂಡತಿಗೆ ಒಬ್ಬಳಿಗೇ. ಹಜಾರಕ್ಕೆ ಗೊತ್ತಾದರೆ ಹನ್ನೊಂದು ಜನ ಸೇರಿ ಆರು ತಿಂಗಳು ಬುದ್ಧಿ ಹೇಳುತ್ತಾರೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆ ದಿನ ಬೆಳಿಗ್ಗೆ ಹತ್ತೂಹತ್ತಕ್ಕೆ ಮುಖ್ಯ ಕಚೇರಿಯಿಂದ ಟಪಾಲು ಮೇಜಿನ ಕಂಪ್ಯೂಟರಿಗೆ ಮೇಲ್ ಬಂತು. ಗುಡ್ಡದಲ್ಲಿದ್ದವರು ನಿವೃತ್ತರಾಗಿದ್ದಾರೆ, ಆಸಕ್ತರು ಕೆಳಗಿನ ಗುಂಡಿ ಒತ್ತಿ, ತೆರೆಯುವ ಪುಟದಲ್ಲಿ ಸಿಬ್ಬಂದಿ ಸಂಖ್ಯೆ ಬರೆದು, ಇಂದು ಸಂಜೆ ಐದರೊಳಗೆ ಒಪ್ಪಿಗೆ ಕೊಡಬೇಕು, ಮೊದಲು ಒಪ್ಪಿದವರಿಗೆ ಆದ್ಯತೆ, ಯಾರೂ ಒಪ್ಪದಿದ್ದರೆ ಹುದ್ದೆ ರದ್ದುಮಾಡಿ ಅಲ್ಲಿ ಯಂತ್ರ ಕೂರಿಸಲಾಗುವುದು ಎಂದಿತ್ತು. ಟಪಾಲಪ್ಪ ಮೂರು ಸಲ ಓದಿದ. ಗುಂಡಿ ಒತ್ತೋಣವೆಂದು ಕೆಳಗೆ ನೋಡಿದರೆ ಗುಂಡಿಯೇ ಇಲ್ಲ. ಗುಂಡಿ ಇರಬೇಕಾದ ಜಾಗದಲ್ಲಿ ಒಂದು ಚೌಕ, ಚೌಕದೊಳಗೊಂದು ಕೆಂಪು ಅಡ್ಡಗೀಟು.

ಚೌಕದ ಮೇಲೆ ಒತ್ತಿದ. ಚೌಕದ ಪಕ್ಕ ಒತ್ತಿದ. ಮೇಲ್ ಮುಚ್ಚಿ, ತೆರೆದು, ಮತ್ತೆ ಒತ್ತಿದ. ಕಚೇರಿಯ ಅತಿ ಹಳೆಯ ಕಂಪ್ಯೂಟರು ಅವನದು, ಕುಂಟೆತ್ತಿನ ಹಾಗೆ ಎಷ್ಟು ತಿವಿದರೂ ಕದಲಲಿಲ್ಲ. ಬೇರೆ ದಾರಿ ಕಾಣದೆ ಎಡಗಡೆ ಮೇಜಿನವನ ಕಡೆ ತಿರುಗಿದ.

ಎಡಗಡೆ ಮೇಜಿನವನಿಗೆ ಎಲ್ಲಬಲ್ಲ ಎಂದು ಹೆಸರು. ಕಂಪ್ಯೂಟರಿನ ವಿಷಯದಲ್ಲಿ ಆ ಕಚೇರಿಗೆ ಅವನೇ ವೈದ್ಯ. ರೋಗಿಗಳು ಉಳಿದ ದಾಖಲೆ ಮಾತ್ರ ಇರಲಿಲ್ಲ. ಟಪಾಲಪ್ಪ ದನಿ ತಗ್ಗಿಸಿ, ಒಂದು ಮೇಲ್‌ನಲ್ಲಿ ಗುಂಡಿ ಕಾಣುತ್ತಿಲ್ಲ, ಸ್ವಲ್ಪ ನೋಡುತ್ತೀರಾ ಎಂದು ಕೇಳಿದ.

"ಅದಕ್ಕೇನು, ನಂಗೆ ಫಾರ್ವರ್ಡ್ ಮಾಡಿ. ನನ್ನ ಮೆಷಿನ್‌ನಲ್ಲಿ ಎಲ್ಲಾ ಕಾಣ್ಸತ್ತೆ," ಎಂದ ಎಲ್ಲಬಲ್ಲ.

ಟಪಾಲಪ್ಪ ಫಾರ್ವರ್ಡ್ ಮಾಡಿದ. ಸುಮ್ಮನೆ ಕಳಿಸುವುದು ಸರಿಯಲ್ಲವೆಂದು ಮೇಲೆ ಆ ಎರಡು ಪದ ಬರೆದ.

ಎರಡು ನಿಮಿಷ ಬಿಟ್ಟು ಎಲ್ಲಬಲ್ಲ ತಾನಾಗಿಯೇ ಎದ್ದು ಬಂದ. ಗುಂಡಿ ಕಾಣಿಸಿತಾ ಎಂದು ಇವನು ಕೇಳುವ ಮೊದಲೇ, ಈ ಮೆಷಿನ್ ಹಳೆಯದಾಗಿದೆ, ಇದನ್ನು ಹೊಸದು ಮಾಡಬೇಕು ಎನ್ನುತ್ತಾ ಕೈಚಾಚಿ ಏನೋ ಒತ್ತಿದ. ಪರದೆ ನೀಲಿಯಾಯಿತು. 'ನವೀಕರಣ ನಡೆಯುತ್ತಿದೆ, ದಯವಿಟ್ಟು ಆರಿಸಬೇಡಿ, ಶೇಕಡಾ ೧' ಎಂದು ಬಂತು.

"ಅಯ್ಯೋ, ಇದು ಎಷ್ಟು ಹೊತ್ತು?"

"ಹತ್ತು ನಿಮಿಷ. ಜಾಸ್ತಿ ಅಂದ್ರೆ ಸಾಯಂಕಾಲ."

"ಮತ್ತೆ ನಾನು ಕಳ್ಸಿದ ಮೇಲು? ಗುಂಡಿ ಇತ್ತಾ?"

"ಜಬರ್ದಸ್ತಾಗಿತ್ತು, ಹಸಿರು ಗುಂಡಿ. ಸಹಿ ಹಾಕಿ ಮುಂದಕ್ಕೆ ಕಳ್ಸಿದೆ."

ಮುಂದಕ್ಕೆ ಯಾಕೆ ಕಳಿಸಿದಿರಿ ಎಂದು ಕೇಳಿದರೆ ಎಲ್ಲಬಲ್ಲ ಅವನನ್ನೇ ಮಿಕಿಮಿಕಿ ನೋಡಿದ. 'ದಯವಿಟ್ಟು ನೋಡಿ' ಅಂತ ನೀವೇ ಬರೆದಿರಲ್ಲ ಎಂದ.

ಆ ಕಚೇರಿಗೆ ಒಂದು ಪದ್ಧತಿ ಇತ್ತು. ಕಾಗದದ ಕಾಲದಲ್ಲಿ ಯಾವ ಪತ್ರದ ಮೂಲೆಯಲ್ಲಿ 'ದಯವಿಟ್ಟು ನೋಡಿ' ಎಂದು ಬರೆದಿದೆಯೋ ಆ ಪತ್ರ ಮೇಜಿನಿಂದ ಮೇಜಿಗೆ ಸುತ್ತಬೇಕು. ಒಬ್ಬೊಬ್ಬರೂ ಸಹಿ ಹಾಕಿ ಪಕ್ಕದವರಿಗೆ ದಾಟಿಸಬೇಕು, ದಾಟಿಸಿದ ಮೇಲೆ ತಮ್ಮ ಮೇಜಿನ ಮೇಲೆ ಅದರ ಗುರುತೂ ಉಳಿಸಬಾರದು, ಕೊನೆಗೆ ಅದು ಸಾಹೇಬರ ಕೋಣೆ ಸೇರಬೇಕು. ಓದಬೇಕೆಂಬ ನಿಯಮ ಮಾತ್ರ ಇರಲಿಲ್ಲ. ಕಂಪ್ಯೂಟರು ಬಂದಾಗ ಸಾಹೇಬರು ಮೇಲ್‌ಗೂ ಅದೇ ಪದ್ಧತಿ ಎಂದು ಆದೇಶ ಹೊರಡಿಸಿದರು. ಫಾರ್ವರ್ಡ್ ಮಾಡು, ಅಳಿಸು. ಆ ಆದೇಶಕ್ಕೆ ನಂಬರು ಹಾಕಿದವನು ಟಪಾಲಪ್ಪನೇ.

"ಒಳಗೇನು ಬರ್ದಿತ್ತು, ಓದಿದ್ರಾ?" ಎಂದು ಕೇಳಿದ ಟಪಾಲಪ್ಪ.

"ಓದೋಕೇನಿತ್ತು? ನಿಮ್ಮ ಮೆಷಿನ್‌ನಿಂದ ಬಂದಿದ್ದಕ್ಕೆ ಅಕ್ಷರ ಎಲ್ಲಾ ಚೌಕ ಚೌಕ ಡಬ್ಬಿ ಆಗ್ಬಿಟ್ಟಿತ್ತು. ನೀವು ಬರ್ದಿದ್ದ ಎರಡು ಪದ, ಗುಂಡಿ, ಇಷ್ಟೇ ಸರಿಯಾಗಿತ್ತು."

ಗುಟ್ಟು ಉಳಿಯಿತಲ್ಲ ಎಂದು ಟಪಾಲಪ್ಪ ಸಮಾಧಾನಪಟ್ಟುಕೊಂಡ. ಮೂರ್ಖ. ಆಗಲೇ ಎದ್ದು ಕೂಗಿಬಿಟ್ಟಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಮೇಲ್ ಅಳಿಸಿಹೋಗಿದೆ, ತನ್ನ ಪರದೆ ನೀಲಿಯಾಗಿ ಕೂತಿದೆ, ಇನ್ನು ಓಡುವ ಮೇಲ್ ಅನ್ನು ದಾರಿಯಲ್ಲೇ ಹಿಡಿಯಬೇಕು ಎಂದುಕೊಂಡು ಎಲ್ಲಬಲ್ಲನ ಪಕ್ಕದ ಟೈಪಿಸ್ಟಮ್ಮನ ಮೇಜಿಗೆ ಹೋದ. ಕಳಿಸಿದ ಮೇಲ್‌ಗಳ ಪ್ರತಿ ಇನ್ನೊಂದು ಕಡೆ ಉಳಿದಿರುತ್ತದೆ ಎಂಬ ಸಂಗತಿ ಆ ಕಚೇರಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಟೈಪಿಸ್ಟಮ್ಮನಿಗೆ ಅಂಚು ನೇರವಿಲ್ಲದ ಬರಹ ಕಂಡರೆ ಮೈಮೇಲೆ ಹುಳು ಹರಿದಂತಾಗುತ್ತಿತ್ತು. ಆಕೆ ಆಗಲೇ ಆ ಮೇಲ್‌ಗೆ ಒಂದು ಗತಿ ಕಾಣಿಸಿದ್ದಳು. ಡಬ್ಬಿಗಳನ್ನೆಲ್ಲ ಒಂದೇ ಸಾಲಿಗೆ ತಂದು, ಅಕ್ಷರ ದೊಡ್ಡದು ಮಾಡಿ, ಗುಂಡಿಯ ಹಸಿರು ಬಣ್ಣ ಕಣ್ಣಿಗೆ ಹೊಡೆಯುತ್ತದೆಂದು ತೆಗೆದು, 'ಇಲ್ಲಿ ಒತ್ತಿ' ಎಂಬ ಪದಗಳನ್ನು ಮಾತ್ರ ನಡುವೆ ಕೂರಿಸಿ, ಸಹಿ ಹಾಕಿ ದಾಟಿಸಿದ್ದಳು.

"ಹೆಂಗಿತ್ತು ಗೊತ್ತಾ ಅಣ್ಣ, ಮದುವೆಮನೆ ಚಪ್ಪಲಿ ರಾಶಿ ಥರ. ಜೋಡಿಸಿ ಜೋಡಿಸಿ ಸಾಕಾಯ್ತು. ಯಾರು ಬರ್ದಿದ್ದು ಅದು?"

ಯಾರೋ, ಗೊತ್ತಿಲ್ಲ ಎಂದ ಟಪಾಲಪ್ಪ. ಅಲ್ಲಿಂದ ಮುಂದೆ ಒಂದೊಂದೇ ಮೇಜಿಗೆ ಹೋದಂತೆ ಮೇಲ್ ಅವನಿಗಿಂತ ಒಂದು ಮೇಜು ಮುಂದಿರುತ್ತಿತ್ತು. ಕೆಲಸದ ಕಾಗದವಾದರೆ ಒಂದು ಮೇಜು ದಾಟಲು ಒಂದು ವಾರ ತೆಗೆದುಕೊಳ್ಳುವ ಆ ಜನ, ಅಂದು ಮಾತ್ರ ಬಿಸಿ ಕೆಂಡ ದಾಟಿಸಿದ ಹಾಗೆ ದಾಟಿಸುತ್ತಿದ್ದರು. ಒಂದೊಂದು ಫಾರ್ವರ್ಡಿಗೂ ಪ್ರತಿ ಸಾಲಿನ ಎಡಕ್ಕೆ ಒಂದೊಂದು ಬಾಣದ ಗುರುತು ಕೂಡಿಕೊಂಡು, ಎಂಟನೆಯ ಮೇಜಿಗೆ ಬರುವ ಹೊತ್ತಿಗೆ ಬರಹವೆಲ್ಲ ಬಲಗಡೆ ಗೋಡೆಗೆ ಒತ್ತಿಕೊಂಡು, ಸಾಲಿಗೊಂದು ಡಬ್ಬಿಯಂತೆ ಕೆಳಗಿಳಿಯುತ್ತಿತ್ತು. ಅದು ಏನೆಂದು ಯಾರೂ ಕೇಳಲಿಲ್ಲ. ತಡವಾಯಿತೇನೋ ಎಂದು ಮಾತ್ರ ಎಲ್ಲರೂ ಕೇಳಿದರು.

ಒಂಬತ್ತನೆಯವನು ಗಾಳಿ ಮಾವ, ಗಾಳಿಯ ವೇಗ ಬರೆದಿಡುವವನು, ಕಚೇರಿಯಲ್ಲಿ ಎಲ್ಲರಿಗಿಂತ ಹಿರಿಯ. ಪರದೆಯ ಮೇಲಿನದನ್ನು ಅವನು ನಂಬುತ್ತಿರಲಿಲ್ಲ, ಯಾವುದೇ ಮೇಲ್ ಬಂದರೂ ಮೊದಲು ಕಾಗದದ ಮೇಲೆ ಇಳಿಸಿಕೊಳ್ಳುತ್ತಿದ್ದ. ಟಪಾಲಪ್ಪ ಏದುಸಿರು ಬಿಡುತ್ತಾ ಹೋದಾಗ ಅವನು ಅದೇ ತಾನೇ ಮೇಲ್ ದಾಟಿಸಿ ಕಂಪ್ಯೂಟರು ಆರಿಸಿದ್ದ. ಆದರೆ ಕಾಗದದ ಪ್ರತಿ ಇತ್ತು. ತೆಗೆದು ಕೊಟ್ಟ.

"ತಗೋ ತಮ್ಮಾ, ಇದ್ರಲ್ಲಿ ಎಲ್ಲಾ ಇದೆ. ಗುಂಡಿನೂ ಇದೆ ನೋಡು, ಇಲ್ಲಿ."

ಇತ್ತು. 'ಇಲ್ಲಿ ಒತ್ತಿ' ಎಂದು ಸ್ಪಷ್ಟವಾಗಿ, ಕಪ್ಪು ಶಾಯಿಯಲ್ಲಿ ಇತ್ತು. ಟಪಾಲಪ್ಪ ಅದನ್ನೇ ನೋಡುತ್ತಾ ನಿಂತ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಹೆಬ್ಬೆರಳಿನಿಂದ ಒಮ್ಮೆ ಒತ್ತಿದ. ಮನುಷ್ಯ ಆ ಸ್ಥಿತಿಗೆ ಬಂದಿದ್ದ.

ಕಾಗದದ ಬುಡದಲ್ಲಿ ಆ ಲಿಂಕಿನ ಪೂರ್ತಿ ವಿಳಾಸ ಸಣ್ಣ ಅಕ್ಷರದಲ್ಲಿ ಮುದ್ರಣವಾಗಿತ್ತು. ನಾಲ್ಕು ಸಾಲು, ಅಕ್ಷರ, ಅಂಕಿ, ಗೀಟು, ಶೇಕಡಾ ಗುರುತು, ಎಲ್ಲ ಒಟ್ಟಿಗೆ ಕಲಸಿದ ಹಾಗೆ. ಟೈಪಿಸ್ಟಮ್ಮನ ಕೈಕಾಲು ಹಿಡಿದು ಅವಳ ಕಂಪ್ಯೂಟರಿನ ಮುಂದೆ ಕೂತು, ಒಂದೊಂದೇ ಅಕ್ಷರ ಬೆರಳಿಟ್ಟು ಹುಡುಕಿ ಒತ್ತಿದ. ಮುಕ್ಕಾಲು ಗಂಟೆ ಹಿಡಿಯಿತು. 'ಈ ಪುಟ ಇಲ್ಲ' ಎಂದು ಬಂತು. ಎರಡನೆಯ ಸಲ ಎಲ್ಲಬಲ್ಲ ಪಕ್ಕದಲ್ಲಿ ನಿಂತು ಓದಿ ಹೇಳಿದ. ಟೈಪಿಸ್ಟಮ್ಮ ತಿದ್ದಿದಳು, ಇಬ್ಬರೂ ಜಗಳವಾಡಿದರು, ಪುಟ ಆಗಲೂ ಇರಲಿಲ್ಲ. ಮೂರನೆಯ ಸಲ ಅರ್ಧದಲ್ಲಿ ಗಾಳಿ ಮಾವ ಬಂದು, ಕಾಗದದ ಅಂಚು ಕತ್ತರಿಸುವಾಗ ಪ್ರತಿ ಸಾಲಿನ ಕೊನೆಯ ಎರಡಕ್ಷರ ಹೋಗಿರಬಹುದು ಎಂದು ಸಾವಕಾಶವಾಗಿ ತಿಳಿಸಿದ. ಅಂಚು ಯಾಕೆ ಕತ್ತರಿಸಿದಿರಿ ಎಂದರೆ, ಫೈಲಿನೊಳಗೆ ಹಿಡಿಯುತ್ತಿರಲಿಲ್ಲ ಎಂದ.

ನೀಲಿ ಪರದೆ ಶೇಕಡಾ ಮೂವತ್ತೊಂದು ತೋರಿಸುತ್ತಿತ್ತು. ಗಂಟೆ ಎರಡೂವರೆ.

ಹೆಂಡತಿಯ ಫೋನು ಬಂತು. ಬೆಳಿಗ್ಗೆ ಮೇಲ್ ಬಂದ ಕೂಡಲೇ ಸಂತೋಷ ತಡೆಯಲಾರದೆ ಅವಳಿಗೆ ಹೇಳಿಬಿಟ್ಟಿದ್ದ. ಅವಳು ಈಗಾಗಲೇ ಅಟ್ಟದಿಂದ ಕಂಬಳಿಗಳನ್ನು ಇಳಿಸಿ ಬಿಸಿಲಿಗೆ ಹಾಕಿದ್ದಳು.

"ರೀ, ಒಪ್ಪಿಗೆ ಕೊಟ್ರಾ?"

"ಕೊಡ್ತಾ ಇದೀನಿ."

"ಬೆಳಿಗ್ಗೆಯಿಂದ ಕೊಡ್ತಾನೇ ಇದೀರಾ? ಒಂದು ಗುಂಡಿ ಒತ್ತೋದಲ್ವಾ?"

ಟಪಾಲಪ್ಪ ಫೋನಿಟ್ಟ. ಎದುರಿಗೆ ಗೋಡೆ ಇದ್ದಿದ್ದರೆ ನೋಡುತ್ತಿದ್ದ. ಅಲ್ಲಿ ಹನ್ನೊಂದು ಜನರಲ್ಲಿ ನಾಲ್ವರು ನಿಂತು, ಯಾರ ಫೋನು ಎಂದು ಕೇಳುತ್ತಿದ್ದರು.

ಮೂರು ಗಂಟೆಗೆ ಸಾಹೇಬರು ಕರೆದರು. ಮೇಲ್ ಸುತ್ತಿ ಮುಗಿಸಿ ಅವರ ಕೋಣೆ ಸೇರಿತ್ತು. ಟಪಾಲಪ್ಪ ಒಳಗೆ ಹೋದಾಗ ಅದು ಅವರ ಪರದೆಯ ಮೇಲೆ ತೆರೆದೇ ಇತ್ತು. ಬಲಗಡೆ ಅಂಚಿನಲ್ಲಿ ಡಬ್ಬಿಗಳ ಒಂದು ಸರ, ಅದರ ಕೆಳಗೆ 'ಇಲ್ಲಿ ಒತ್ತಿ'. ಅವನಿಗೂ ಆ ಪದಗಳಿಗೂ ನಡುವೆ ಒಂದು ಮೇಜು ಮಾತ್ರ. ಸಾಹೇಬರು ಮಾತು ಶುರುಮಾಡಿದರು. ಹನ್ನೊಂದು ಜನ ಫಾರ್ವರ್ಡ್ ಮಾಡಿದ್ದಾರೆ, ಒಬ್ಬನಿಗಾದರೂ ಅಂದವಾಗಿ ಕಳಿಸಬೇಕೆಂಬ ಪರಿಜ್ಞಾನವಿಲ್ಲ, ತಮ್ಮ ಕಾಲದಲ್ಲಿ ಕಾರ್ಬನ್ ಪ್ರತಿ ಕೂಡ ಕನ್ನಡಿಯಂತಿರುತ್ತಿತ್ತು ಎಂದು ಇಪ್ಪತ್ತು ನಿಮಿಷ ಹೇಳಿದರು. ಟಪಾಲಪ್ಪ ತಲೆಯಾಡಿಸುತ್ತಾ ಮೇಜನ್ನು ಬಳಸಿ ಅರ್ಧ ಅಡಿ, ಮತ್ತೆ ಅರ್ಧ ಅಡಿ ಸರಿದ.

"ಒಂದು ವಿಷಯ ಮಾತ್ರ ಮೆಚ್ಬೇಕು," ಎಂದರು ಸಾಹೇಬರು. "ಈ ಸಲ ಸಹಿಗೆ ಒಳ್ಳೇ ವ್ಯವಸ್ಥೆ ಮಾಡಿದಾರೆ. ನೋಡಿ, ಇಲ್ಲಿ ಒತ್ತಿದ್ರೆ ಪುಟ ತೆಗೆಯತ್ತೆ. ಸಿಬ್ಬಂದಿ ಸಂಖ್ಯೆ ಹಾಕೋದು, 'ಒಪ್ಪಿಗೆ' ಒತ್ತೋದು. ಆಯ್ತು ಸಹಿ."

ಹೇಳುತ್ತಲೇ ಹಾಕಿದರು, ಒತ್ತಿದರು. ಪದ್ಧತಿಯ ಪ್ರಕಾರ ಮೇಲ್ ಅಳಿಸಲು ಕೈ ಮುಂದೆ ಮಾಡಿದರು. ಅಷ್ಟರಲ್ಲಿ ಪುಟದ ಮೇಲೆ ಬಂದದ್ದನ್ನು ಟಪಾಲಪ್ಪ ಓದಿದ್ದ. ಅವನ ಬಾಯಿಂದ ದನಿ ತಾನಾಗಿ ಹೊರಬಿತ್ತು.

"ಗುಡ್ಡದ ಮಳೆಮಾಪನ ಕೇಂದ್ರಕ್ಕೆ ವರ್ಗಾವಣೆ. ನಿಮ್ಮ ಒಪ್ಪಿಗೆ ದಾಖಲಾಗಿದೆ. ಕ್ರಮಸಂಖ್ಯೆ ಹನ್ನೊಂದು."

"ಯಾರ ವರ್ಗಾವಣೆ?"

"ನಿಮ್ದು ಸಾರ್."

ಸಾಹೇಬರ ಕೈ ಹೆದರಿಕೆಗೆ ಕೆಳಗಿಳಿಯಿತು, ಇಳಿದದ್ದು ಅಳಿಸುವ ಗುಂಡಿಯ ಮೇಲೆ. ಮೇಲ್ ಹೋಯಿತು.

ಎಲ್ಲಬಲ್ಲನೂ ಟೈಪಿಸ್ಟಮ್ಮನೂ ಗಾಳಿ ಮಾವನೂ ಉಳಿದ ಏಳು ಜನವೂ ಬೆಳಿಗ್ಗೆಯಿಂದ ಹಾಕಿದ್ದು ಯಾವ ಸಹಿ ಎಂಬುದು ಟಪಾಲಪ್ಪನಿಗೆ ಆಗ ಹೊಳೆಯಿತು. ಇದ್ದದ್ದು ಒಂದು ಕುರ್ಚಿ. ಅದಕ್ಕೆ ಅವನ ಮುಂದೆ ಹನ್ನೊಂದು ಜನ ನಿಂತಿದ್ದರು, ಒಬ್ಬರಿಗೂ ಬೇಡದೆ.

ಆಮೇಲಿನ ಒಂದು ಗಂಟೆ ಹೇಳುವಂಥದ್ದಲ್ಲ. ಅವನು ಸಾಹೇಬರ ಮುಂದೆ ಬಾಯಿಬಿಟ್ಟ ಆರು ಅರ್ಜಿಯ ಸಂಗತಿಯೂ ಸೇರಿ ಸುದ್ದಿ ಹಜಾರಕ್ಕೆ ಬಿದ್ದದ್ದೇ ತಡ, ಎಲ್ಲರೂ ಅವನ ಮೇಜನ್ನು ಸುತ್ತುವರಿದರು. ನಮ್ಮನ್ನು ಗುಡ್ಡ ಹತ್ತಿಸಲು ಎಷ್ಟು ದಿನದಿಂದ ಹೊಂಚು ಹಾಕಿದ್ದೆ ಎಂದು ಒಬ್ಬರು ಕೇಳಿದರು. ಹತ್ತೊಂಬತ್ತು ವರ್ಷ ನಮ್ಮ ಜೊತೆ ಕೂತು ಒಂದು ಮಾತು ಹೇಳದೆ ಆರು ಅರ್ಜಿ ಬರೆದವನು ಇನ್ನೇನು ತಾನೇ ಮಾಡಿಯಾನು ಎಂದರು ಇನ್ನೊಬ್ಬರು. ಎರಡು ಮೆಟ್ಟಿಲು ಹತ್ತಿದರೆ ತನಗೆ ಎದೆ ಹೊಡೆದುಕೊಳ್ಳುತ್ತದೆಂದು ಸಾಹೇಬರು ಕೋಣೆಯಿಂದಲೇ ಕೂಗಿದರು. ಮೊದಲನೆಯ ಒಪ್ಪಿಗೆ ತನ್ನದೇ ಎಂದು ಲೆಕ್ಕ ಹಾಕಿದ ಎಲ್ಲಬಲ್ಲ ಕುಸಿದು ಕೂತ. ಒಪ್ಪಿಗೆ ವಾಪಸು ಪಡೆಯಲು ಎಲ್ಲರೂ ಒಟ್ಟಿಗೆ ಮುಖ್ಯ ಕಚೇರಿಗೆ ಫೋನು ಹಚ್ಚಿದ್ದರಿಂದ ಒಬ್ಬರಿಗೂ ಲೈನು ಸಿಗಲಿಲ್ಲ. ಟಪಾಲಪ್ಪನೂ ಹಚ್ಚಿದ. ಅವನಿಗಂತೂ ಗಂಟೆ ಬಾರಿಸಿದ ಸದ್ದೂ ಕೇಳಲಿಲ್ಲ.

"ಎಲ್ಲಾ ಬಿಟ್ಟು ಅಲ್ಲಿಗೆ ಯಾಕಣ್ಣ ಹೋಗ್ಬೇಕು ಅಂತಿದ್ರಿ?" ಎಂದು ಟೈಪಿಸ್ಟಮ್ಮ ಕಣ್ಣೊರೆಸಿಕೊಂಡು ಕೇಳಿದಳು. "ಒಬ್ರೂ ಇರಲ್ವಲ್ಲ ಅಲ್ಲಿ."

ಟಪಾಲಪ್ಪ ಅವಳ ಮುಖ ನೋಡಿದ. ಆಮೇಲೆ ನೀಲಿ ಪರದೆಯ ಕಡೆ ತಿರುಗಿದ.

ನಾಲ್ಕೂ ಮುಕ್ಕಾಲಿಗೆ ಅವನ ನೀಲಿ ಪರದೆ ಶೇಕಡಾ ನೂರು ಮುಟ್ಟಿ, ಆರಿ, ಮತ್ತೆ ಹೊತ್ತಿತು. ಬೆಳಗಿನ ಮೇಲ್ ಅಲ್ಲೇ ಇತ್ತು. ಅವನೊಬ್ಬನೇ ಅಳಿಸಿರಲಿಲ್ಲ. ಚೌಕವಿದ್ದ ಜಾಗದಲ್ಲಿ ಈಗ ಹಸಿರು ಗುಂಡಿ, ಎಳೆ ಹುಲ್ಲಿನ ಹಾಗೆ ಹೊಳೆಯುತ್ತಿತ್ತು. ಒತ್ತಿದ. ಸಿಬ್ಬಂದಿ ಸಂಖ್ಯೆ ಹಾಕಿದ. ಒಪ್ಪಿದ. ಕ್ರಮಸಂಖ್ಯೆ ಹನ್ನೆರಡು ಎಂದು ಬಂತು. ಒಂದು ಕುರ್ಚಿಗೆ ಹನ್ನೆರಡನೆಯವನು. ಆದರೂ ಒಪ್ಪಿಗೆ ಕೊಟ್ಟೆನಲ್ಲ ಎಂಬ ಸಮಾಧಾನವೊಂದೇ ಉಳಿದಿತ್ತು. ಹನ್ನೊಂದು ಜನ ಹೇಗಿದ್ದರೂ ಹಿಂದೆ ಸರಿಯುತ್ತಾರೆ, ಆಮೇಲೆ ಸರದಿ ತನ್ನದೇ ಎಂದು ಲೆಕ್ಕ ಹಾಕಿದ. ಆ ದಿನದಲ್ಲಿ ಅವನು ಹಾಕಿದ ಮೊದಲ ಸರಿಯಾದ ಲೆಕ್ಕ ಅದು. ಹತ್ತು ನಿಮಿಷ ಅವನ ಮುಖಕ್ಕೆ ಕಳೆ ಬಂದಿತ್ತು.

ಐದೂ ಐದಕ್ಕೆ ಮುಖ್ಯ ಕಚೇರಿಯಿಂದ ಸಾಹೇಬರಿಗೆ ಫೋನು ಬಂತು. ಹಜಾರವೆಲ್ಲ ಕೋಣೆಯ ಬಾಗಿಲಲ್ಲಿ ಕಿವಿಗೊಟ್ಟು ನಿಂತಿತು. ಸಾಹೇಬರು ಮೊದಲು ಹಣೆ ಒರೆಸಿಕೊಳ್ಳುತ್ತಾ ಕೇಳಿದರು, ಆಮೇಲೆ ನೆಟ್ಟಗೆ ಕೂತರು, ಆಮೇಲೆ ಎದ್ದೇ ನಿಂತರು. ಹೌದು ಸಾರ್, ಎಲ್ಲರೂ ಸ್ವಂತ ಇಚ್ಛೆಯಿಂದಲೇ ಸಾರ್, ನಾನೇ ಮುಂದೆ ನಿಂತು ಪ್ರೋತ್ಸಾಹಿಸಿದೆ ಸಾರ್ ಎಂದರು. ಫೋನಿಟ್ಟು ಹೊರಗೆ ಬಂದಾಗ ಅವರ ಎದೆ ಎರಡಿಂಚು ಅಗಲವಾಗಿತ್ತು.

ವಿಷಯ ಇಷ್ಟು. ಮೂವತ್ತು ವರ್ಷದಲ್ಲಿ ಗುಡ್ಡಕ್ಕೆ ಹೋಗುತ್ತೇನೆಂದು ಟಪಾಲಪ್ಪನನ್ನು ಬಿಟ್ಟು ಒಂದು ನರಪಿಳ್ಳೆಯೂ ಕೇಳಿರಲಿಲ್ಲ. ಈಗ ಒಂದೇ ದಿನ, ಸಾಹೇಬರೂ ಸೇರಿ ಇಡೀ ಕಚೇರಿಯೇ ಒಪ್ಪಿದ್ದು ಕಂಡು ಇಲಾಖೆಯ ಮುಖ್ಯಸ್ಥರು ಕಣ್ಣೀರು ಹಾಕುವುದೊಂದು ಬಾಕಿ. ಹೇಗೂ ಈ ಕಟ್ಟಡವನ್ನು ರಸ್ತೆ ಅಗಲಮಾಡಲು ಕೆಡವುವವರಿದ್ದರು, ಕಚೇರಿಯನ್ನು ಎಲ್ಲಿಗೆ ಸಾಗಿಸುವುದೆಂದು ತಿಳಿಯದೆ ಕೂತಿದ್ದರು. ಇನ್ನು ಚಿಂತೆಯಿಲ್ಲ. ಸೋಮವಾರದಿಂದ ಇಡೀ ಕಚೇರಿ ಗುಡ್ಡಕ್ಕೆ. ಹತ್ತಿ ಇಳಿಯಲು ಇಲಾಖೆಯ ವ್ಯಾನು. ಸಾಹೇಬರ ಹೆಸರು ಬಡ್ತಿಯ ಪಟ್ಟಿಗೆ.

ಒಪ್ಪಿಗೆ ವಾಪಸು ಪಡೆಯುವ ಮಾತು ಬಂದಾಗ ಸಾಹೇಬರು ಗಡಿಯಾರ ತೋರಿಸಿದರು. ಐದಕ್ಕೆ ಮುಗಿದಿತ್ತು. ಎದೆ ಹೊಡೆದುಕೊಳ್ಳುವ ವಿಚಾರವನ್ನು ಅವರು ಮತ್ತೆ ಎತ್ತಲಿಲ್ಲ.

ಕಾಲು ಗಂಟೆ ಹಜಾರ ಗೊಣಗಿತು. ಅರ್ಧ ಗಂಟೆಗೆ ಸರಿಯಾಗಿ, ಗಾಳಿಯ ವೇಗ ಬರೆಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂದ ಗಾಳಿ ಮಾವ. ಟೈಪಿಸ್ಟಮ್ಮ ಕಾಗದ ತೆಗೆದು ಅಲ್ಲಿನ ಕೋಣೆಯ ನಕ್ಷೆ ಬರೆದು, ಹನ್ನೆರಡು ಮೇಜುಗಳನ್ನು ಅಂಚಿಗೆ ಅಂಚು ತಾಗುವ ಹಾಗೆ ನೇರವಾಗಿ ಜೋಡಿಸತೊಡಗಿದಳು. ಎಲ್ಲಬಲ್ಲ ವ್ಯಾನಿನಲ್ಲಿ ಯಾರು ಎಲ್ಲಿ ಕೂರಬೇಕೆಂದು ಹೇಳುತ್ತಿದ್ದ. ದಾರಿಯುದ್ದಕ್ಕೂ ಮಾತಾಡಿಕೊಂಡು ಹೋಗಬಹುದೆಂದು ಎಲ್ಲರಿಗೂ ಖುಷಿಯಾಯಿತು. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ.

ಟಪಾಲಪ್ಪ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ಕಡೆ ನಡೆದ. ಸಾಹೇಬರು ಅವನನ್ನು ತಡೆದು, ಇಷ್ಟು ವರ್ಷದಲ್ಲಿ ಮೊದಲ ಸಲ ಭುಜದ ಮೇಲೆ ಕೈಯಿಟ್ಟರು.

"ಬೇಜಾರು ಮಾಡ್ಕೋಬೇಡಿ ಕಣ್ರೀ. ನಿಮ್ಮಿಂದ ಎಲ್ರಿಗೂ ಒಳ್ಳೇದೇ ಆಯ್ತು. ಇಲ್ಲಿ ನಂದೊಂದು ಕೋಣೆ ಬೇರೆ, ನಿಮ್ಮ ಮಾತೆಲ್ಲಾ ನಂಗೆ ಸರಿಯಾಗಿ ಕೇಳ್ತಾನೇ ಇರ್ಲಿಲ್ಲ. ಅಲ್ಲಿ ಇರೋದು ಒಂದೇ ಕೋಣೆಯಂತೆ. ನಾನೂ ನಿಮ್ಮ ಪಕ್ಕದಲ್ಲೇ ಕೂತ್ಕೋತೀನಿ."